ಅಪ್ಪನ ಬೆನ್ನು, ನನ್ನ ಕಾರಿನ ಸ್ಪ್ರಿಂಗು

ರಸ್ತೆಯಲ್ಲಿ ಹಂಪ್ ಕಂಡ ಕೂಡಲೇ ಸೀಟಿನಿಂದ ಎರಡು ಬೆರಳಷ್ಟು ಮೇಲೆದ್ದು ಕೂರುವುದು ನನ್ನ ಹಳೆಯ ಚಟ. ಆಟೋದಲ್ಲಿ ಕೂತರೂ ಅಷ್ಟೇ, ಬಸ್ಸಿನಲ್ಲಿ ಕೂತರೂ ಅಷ್ಟೇ. ಮೊನ್ನೆ ಬಸ್ಸಿನಲ್ಲಿ ಮಗ್ಗುಲಿಗೆ ಕೂತಿದ್ದ ಹೆಂಗಸೊಬ್ಬರು, ನಾನು ಇಳಿಯುತ್ತೇನೆಂದು ತಿಳಿದು ಕಾಲು ಸರಿಸಿ ದಾರಿ ಮಾಡಿಕೊಟ್ಟರು. "ಇಳಿಯಲ್ಲ, ಹಂಪ್ ಬಂತು, ಅದಕ್ಕೆ ಎದ್ದೆ" ಎಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ, ನನ್ನದಲ್ಲದ ಸ್ಟಾಪಿನಲ್ಲಿ ಇಳಿದುಬಿಡುವುದೇ ವಾಸಿ ಅನಿಸಿತು.

ಈ ಚಟ ಹತ್ತಿದ್ದು ಅಪ್ಪನ ಬಸ್ಸಿನಲ್ಲಿ. ಅಪ್ಪ ರಾಯಚೂರು ಡಿಪೋದಲ್ಲಿ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಬೇಸಿಗೆ ರಜೆಯಲ್ಲಿ ನಾನು ಅವರ ಎಡಗಡೆ, ಎಂಜಿನ್ನಿನ ಬಾನೆಟ್ಟಿನ ಮೇಲೆ ಹಾಸಿದ ಗೋಣಿಚೀಲದ ಮೇಲೆ ಕೂತು ಲಿಂಗಸುಗೂರಿನ ತನಕ ಹೋಗಿ ಬರುತ್ತಿದ್ದೆ. ಕೆಳಗಿನಿಂದ ಕಾವು, ಮೇಲಿನಿಂದ ಬಿಸಿಲು, ನಡುವೆ ನಾನು ರೊಟ್ಟಿಯ ಹಾಗೆ ಎರಡೂ ಕಡೆ ಬೇಯುತ್ತಿದ್ದೆ. ಗುಂಡಿ ಬರುವ ಮುಂಚೆ ಅಪ್ಪ "ಹಾಂ" ಎನ್ನುತ್ತಿದ್ದರು. ಆಗ ನಾನು ಎರಡೂ ಕೈ ಊರಿ ಮೇಲೆದ್ದುಕೊಳ್ಳಬೇಕು. ಹಿಂದಿನ ಸೀಟಿನವರಿಗೆ ಆ "ಹಾಂ" ಕೇಳಿಸುತ್ತಿರಲಿಲ್ಲ. ಆದರೆ ಅವರಿಗೆ ಅದರ ಅಗತ್ಯವೂ ಇರಲಿಲ್ಲ, ಏಕೆಂದರೆ ಅಪ್ಪ ಗುಂಡಿಯನ್ನು ದಾಟಿಸುವ ರೀತಿಯೇ ಹಾಗಿತ್ತು. "ಗಾಡಿ ಹೊಡಿಯೋದು ಅಂದ್ರ ಹಿಂದ ಕುಂತವರ ನಿದ್ದಿ ಕಾಯೋದು" ಎನ್ನುತ್ತಿದ್ದರು. ಮೂವತ್ತು ವರ್ಷ ಒಂದೂ ಅಪಘಾತ ಮಾಡದ ಅವರಿಗೆ ಇಲಾಖೆಯವರು ಬೆಳ್ಳಿ ಪದಕ ಕೊಟ್ಟಿದ್ದರು. ಅವ್ವ ಅದನ್ನು ದೇವರ ಜಗುಲಿಯ ಮೇಲೆ ಇಟ್ಟು ಕುಂಕುಮ ಹಚ್ಚಿ ಹಚ್ಚಿ, ಅದರ ಮೇಲಿನ ಅಕ್ಷರವೆಲ್ಲ ಮುಚ್ಚಿಹೋಗಿತ್ತು.

ಅಂಥ ಮನುಷ್ಯನ ಮಗಳು ನಾನು, ಕಾರ್ ರೇಸಿಗೆ ಹೋಗುತ್ತಿದ್ದೆ. ಅದೂ ಅಪ್ಪನಿಗೆ ಹೇಳದೆ.

ರೇಸು ಎಂದರೆ ನೀವು ಬಹಳ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ನಾನು ಆಗ ಇಂದಿರಾನಗರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ವಾಹನ ಅಪಘಾತದ ಫೈಲುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. "ತಿರುವಿನಲ್ಲಿ ವಾಹನವು ನಿಯಂತ್ರಣ ತಪ್ಪಿ" ಎಂಬ ವಾಕ್ಯವನ್ನು ನಾನು ಓದಿದಷ್ಟು ಸಲ ಈ ಊರಿನಲ್ಲಿ ಬೇರೆ ಯಾರೂ ಓದಿರಲಾರರು. ತಪ್ಪುವ ಮುಂಚೆ ಅದು ಹೇಗಿರುತ್ತದೆ ಎಂದು ತಿಳಿಯುವ ಕುತೂಹಲವೋ ಏನೋ, ಸಹೋದ್ಯೋಗಿಯೊಬ್ಬರು ಕರೆದಾಗ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿಗೆ ಹೋದೆ. ವರ್ಷದಲ್ಲಿ ಕೆಲವು ಭಾನುವಾರ ಅಲ್ಲಿ ನಮ್ಮಂಥವರಿಗೂ ಬಾಗಿಲು ತೆರೆಯುತ್ತಿದ್ದರು. ಅವರವರ ಮನೆಯ ಕಾರು ತಂದು, ಹೆಲ್ಮೆಟ್ ಹಾಕಿಕೊಂಡು, ಹೇಳಿಕೊಟ್ಟಂತೆ ಸುತ್ತು ಹೊಡೆಯುವುದು. ಟ್ರ್ಯಾಕ್ ಡೇ ಎನ್ನುತ್ತಾರೆ.

ನನ್ನದು ಸೆಕೆಂಡ್ ಹ್ಯಾಂಡ್ ಕೊಂಡ ಪುಟ್ಟ ಕಾರು. ಮೊದಲ ದಿನ ಪ್ರತಿ ತಿರುವಿನಲ್ಲೂ ಅದು ಹುಲ್ಲು ಹೇರಿದ ಚಕ್ಕಡಿಯ ಹಾಗೆ ಒಂದು ಮಗ್ಗುಲಿಗೆ ವಾಲಿತು. ಹೇಳಿಕೊಡುವವರು ಬಿಳಿಮೀಸೆಯ ತಮಿಳು ಹಿರಿಯರು. "ಮೇಡಂ, ನಿಮ್ಮ ಕಾರು ಎಲ್ಲರಿಗೂ ಬಗ್ಗಿ ವಣಕ್ಕಂ ಹೇಳ್ತಾ ಇದೆ" ಎಂದರು. ಅಂದು ಬಂದಿದ್ದ ಹದಿನಾಲ್ಕು ಜನರಲ್ಲಿ ನಾನು ಹದಿನಾಲ್ಕನೆಯವಳು. ಆದರೂ ಬೆಂಗಳೂರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಅಷ್ಟು ಖುಷಿಯಾಗಿತ್ತು.

ವಾಲುವುದು ನಿಲ್ಲಬೇಕಾದರೆ ಗಟ್ಟಿ ಸ್ಪ್ರಿಂಗು ಹಾಕಿಸು ಎಂದು ಎಲ್ಲರೂ ಹೇಳಿದರು. ಯಾರೋ ತಮ್ಮ ರೇಸ್ ಕಾರಿನಿಂದ ಬಿಚ್ಚಿಟ್ಟಿದ್ದ ನಾಲ್ಕು ಸ್ಪ್ರಿಂಗು ಸಿಕ್ಕಿದವು. ಕೆ.ಆರ್. ಪುರದ ಒಂದು ಗ್ಯಾರೇಜಿನಲ್ಲಿ ಶನಿವಾರ ಹಾಕಿಸಿದೆ. ಭಾನುವಾರ ಬೆಳಿಗ್ಗೆ ಅಪ್ಪ ರಾಯಚೂರಿನಿಂದ ಬಂದರು.

ಅವ್ವ ಹೋದ ಮೇಲೆ ಅಪ್ಪ ಆರು ತಿಂಗಳು ರಾಯಚೂರಿನ ಅಣ್ಣನ ಮನೆಯಲ್ಲಿ, ಆರು ತಿಂಗಳು ಹೊರಮಾವಿನ ನಮ್ಮ ಮನೆಯಲ್ಲಿ ಇರುತ್ತಿದ್ದರು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಅವರನ್ನು ಕಾರಿಗೆ ಹತ್ತಿಸಿಕೊಂಡೆ. ಕಾಕ್ಸ್ ಟೌನ್ ದಾಟುವ ತನಕ ಅವರು ಅಣ್ಣನ ಮಕ್ಕಳ ವಿಷಯ ಹೇಳುತ್ತಿದ್ದರು. ಬಾಣಸವಾಡಿ ಬರುವಷ್ಟರಲ್ಲಿ ಮಾತು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಆ ದಿನಗಳಲ್ಲಿ ನಮ್ಮ ಕಡೆ ಪೈಪಿಗೋ ಕೇಬಲ್ಲಿಗೋ ಅಗೆಯದ ರಸ್ತೆಯೇ ಇರಲಿಲ್ಲ. ಕಾರು ಗುಂಡಿಯಿಂದ ಗುಂಡಿಗೆ ಕಪ್ಪೆಯ ಹಾಗೆ ನೆಗೆಯುತ್ತಿತ್ತು. ಹೊರಮಾವಿನ ರೈಲ್ವೆ ಗೇಟ್ ಹಾಕಿತ್ತು. ರೈಲು ಹೋಗಿ ಗೇಟ್ ತೆರೆಯುವ ಮುಂಚೆ ಅಪ್ಪ ಬಾಗಿಲು ತೆಗೆದು ಕೆಳಗಿಳಿದರು.

"ಯಾಕಪ್ಪಾ?"

"ನೀ ಮುಂದ ನಡಿ. ನಾ ನಡಕೊಂತ ಬರ್ತೀನಿ."

"ಇನ್ನೂ ಒಂದೂವರೆ ಕಿಲೋಮೀಟರ್ ಐತಿ."

"ಇರಲಿ ಬಿಡವ್ವ. ಗಾಳಿ ಚಂದ ಐತಿ."

ಹಳೆಯ ಬಸ್ಸುಗಳ ಸೀಟಿನ ಮೇಲೆ ಮೂವತ್ತು ವರ್ಷ ಕೂತು ಬದುಕಿದ ಮನುಷ್ಯ ನನ್ನ ಕಾರಿನಿಂದ ಇಳಿದು, ಬಿಳಿ ಟೋಪಿ ಸರಿಮಾಡಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಹಳಿ ದಾಟಿ ನಡೆದರು. ನಾನು ಅವರ ಹಿಂದೆ ಹಿಂದೆ, ಮದುವಣಿಗನ ಮೆರವಣಿಗೆಯ ಹಾಗೆ, ಒಂದನೇ ಗೇರಿನಲ್ಲಿ ಮನೆಯ ತನಕ ಹೋದೆ. ಬೀದಿಯವರೆಲ್ಲ ನೋಡಿದರು.

ಮಾರನೆಯ ಬೆಳಿಗ್ಗೆ ಅಪ್ಪನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಸೊಂಟದಿಂದ ಎಡಗಾಲಿನ ಹಿಮ್ಮಡಿಯ ತನಕ ಸೆಳೆತ. ಹತ್ತಿರದ ಡಾಕ್ಟರು ನೋಡಿ, ಮಾತ್ರೆ ಕೊಟ್ಟು, ವಾರದಲ್ಲಿ ಇಳಿಯದಿದ್ದರೆ ಸ್ಕ್ಯಾನ್ ಮಾಡಿಸಿ, ಆಪರೇಷನ್ ಬೇಕಾದರೂ ಬೇಕಾಗಬಹುದು ಎಂದರು. ನಾನು ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟುಕೊಂಡು ಅತ್ತೆ. ಪಾತ್ರೆ ತೊಳೆಯುತ್ತಿದ್ದೇನೆ ಎಂದು ತೋರಿಸಿಕೊಳ್ಳಲು ಒಂದು ಸೌಟನ್ನು ಹತ್ತು ನಿಮಿಷ ತೊಳೆದೆ.

ನನ್ನ ಗಂಡ ರಮೇಶ ದಾವಣಗೆರೆಯವರು. ಕಾರೆಂದರೆ ಅವರಿಗೆ ವಾಕರಿಕೆ. ಮುಂದಿನ ಸೀಟಿನಲ್ಲಿ ನಿಂಬೆಹಣ್ಣು ಹಿಡಿದುಕೊಂಡು ಕೂರುವವರು. ಅವರು ಬಾಗಿಲಲ್ಲಿ ನಿಂತು, "ಸೌಟಿನ ಕಲಾಯಿ ಹೋಗುತ್ತೆ, ಸಾಕು" ಎಂದರು. ಆಮೇಲೆ ಮೆಲ್ಲಗೆ, "ಅವರಿಗೆ ಹೇಳಿಬಿಡು. ನೀನು ಹೇಳ್ದೆ ಇರೋದೇ ನಿನ್ನನ್ನ ಜಾಸ್ತಿ ತಿಂತಾ ಇದೆ" ಎಂದರು.

ಹೇಳಲು ಹೋದೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಕೇಳಿದರು, "ಸ್ಪ್ರಿಂಗ್ ಬದಲಿ ಮಾಡಿಸಿದಿ ಏನು?"

"ಹೌದಪ್ಪ."

"ಯಾಕ? ಮೊದಲಿನವು ಚಲೋ ಇದ್ವಲ್ಲ."

ಎಲ್ಲ ಹೇಳಿದೆ. ಟ್ರ್ಯಾಕು, ಹೆಲ್ಮೆಟ್ಟು, ಹದಿನಾಲ್ಕನೆಯ ಸ್ಥಾನ, ಮೂರು ವಾರದಲ್ಲಿ ಮತ್ತೆ ಹೋಗಬೇಕೆಂದಿರುವುದು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಗೋಡೆಯ ಕಡೆಯೇ ನೋಡುತ್ತ, "ಎಷ್ಟು ಬಿಡ್ತಿ?" ಎಂದರು.

"ನೇರ ಇದ್ದಲ್ಲಿ ನೂರಾ ಇಪ್ಪತ್ತು."

ಅವರು ಕಣ್ಣು ಮುಚ್ಚಿಕೊಂಡರು. ಅವರ ಬಸ್ಸು ಎಂದೂ ಅರವತ್ತು ದಾಟಿದ್ದಲ್ಲ.

ಗಟ್ಟಿ ಸ್ಪ್ರಿಂಗು ಬಿಚ್ಚಿಸಿ ಹಳೆಯದನ್ನೇ ಹಾಕಿಸಿದೆ. ಹೆಲ್ಮೆಟ್ಟನ್ನು ಅಟ್ಟಕ್ಕೆ ಸೇರಿಸಿದೆ. ಆದರೆ ಸ್ಪ್ರಿಂಗಿನ ಕುಣಿತ ತಡೆಯುವ ಹಳೆಯ ಶಾಕಪ್ಪುಗಳು ಗಟ್ಟಿ ಸ್ಪ್ರಿಂಗಿನ ಏಟಿಗೆ ಎಣ್ಣೆ ಕಾರುತ್ತಿದ್ದವು. ಅವನ್ನು ಹೇಗಿದ್ದರೂ ಬದಲಾಯಿಸಲೇಬೇಕಿತ್ತು. ಇಲ್ಲಿ ನನ್ನ ಮನಸ್ಸಿನ ಕಳ್ಳಾಟ ನೋಡಿ. ಬದಲಾಯಿಸುವುದೇ ಆದರೆ, ಬೇಕಾದಾಗ ಮೆತ್ತಗೆ, ಬೇಕಾದಾಗ ಗಟ್ಟಿ ಮಾಡಿಕೊಳ್ಳುವಂಥದನ್ನೇ ತಂದರೆ ಹೇಗೆ? ಅಪ್ಪನಿಗೂ ಆಯಿತು, ಟ್ರ್ಯಾಕಿಗೂ ಆಯಿತು. ಕಚೇರಿ ಪಕ್ಕದ ಸೈಬರ್ ಕೆಫೆಯಲ್ಲಿ ಕೂತು ಪರದೇಶದವರು ಇದರ ಬಗ್ಗೆ ಬರೆದುಕೊಂಡಿದ್ದನ್ನೆಲ್ಲ ಓದಿದೆ. ಒಬ್ಬ ಇದೇ ಸರಿ ಎಂದರೆ ಇನ್ನೊಬ್ಬ ಅದು ಶುದ್ಧ ತಪ್ಪು ಎನ್ನುತ್ತಿದ್ದ. ಮದುವೆಗೆ ಜಾತಕ ಹೊಂದಿಸುವಾಗಲೂ ನಮ್ಮ ಮನೆಯಲ್ಲಿ ಇಷ್ಟು ಚರ್ಚೆ ಆಗಿರಲಿಲ್ಲ.

ಕೊನೆಗೆ ಯಾರೋ ಶಿವಾಜಿನಗರದಲ್ಲಿ ಕಾರಿನ ಹಳೆಯ ಬಿಡಿಭಾಗ ಮಾರುವ ಆಪಾರ ಅಂಗಡಿಗೆ ಹೋಗು, ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ, ಎಂದರು. ರಸೆಲ್ ಮಾರ್ಕೆಟ್ಟಿನ ಹಿಂದೆ, ಒಂದು ಕಡೆ ಮಾಂಸದ ಅಂಗಡಿ, ಇನ್ನೊಂದು ಕಡೆ ಅತ್ತರಿನ ಅಂಗಡಿ, ನಡುವೆ ಗ್ರೀಸಿನ ವಾಸನೆಯ ಒಂದು ಗೂಡು. ಛಾವಣಿಯಿಂದ ಸೈಲೆನ್ಸರುಗಳು ಬಾಳೆಗೊನೆಯ ಹಾಗೆ ತೂಗುತ್ತಿದ್ದವು. ಆಪಾಗೆ ಅರವತ್ತರ ಹತ್ತಿರ ವಯಸ್ಸು. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿಬಿಡು ಎಂದ ನೆಂಟರಿಗೆಲ್ಲ ಟೀ ಕುಡಿಸಿ ಕಳಿಸಿ, ತಾವೇ ಗಲ್ಲಾದ ಮೇಲೆ ಕೂತವರು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

"ದಿನಾ ಓಡಿಸೋಕೂ ಆಗ್ಬೇಕು ಆಪಾ, ಟ್ರ್ಯಾಕಿಗೂ ಆಗ್ಬೇಕು" ಎಂದೆ.

"ಮದ್ವೆಗೂ ಮಲಗಕ್ಕೂ ಒಂದೇ ಬಟ್ಟೆ ಕೇಳ್ದಂಗಾಯ್ತು" ಎಂದು ಅವರು ನಕ್ಕರು. "ಇರು ಬೇಟಾ, ತೋರಿಸ್ತೀನಿ."

ಮೊದಲು ತೆಗೆದದ್ದು ಬಂಗಾರದ ಬಣ್ಣದ ಒಂದು ಸೆಟ್ಟು. ಸ್ಪ್ರಿಂಗೂ ಶಾಕಪ್ಪೂ ಒಟ್ಟಿಗೇ ಇರುವಂಥದು. ಎತ್ತರವನ್ನೂ ಏರಿಸಬಹುದು ಇಳಿಸಬಹುದು, ಬಿಗಿಯನ್ನೂ ಮೂವತ್ತು ಹಂತದಲ್ಲಿ ಬದಲಿಸಬಹುದು. ಯಾರೋ ಶ್ರೀಮಂತರ ಜಖಂ ಆದ ಕಾರಿನಿಂದ ಬಿಚ್ಚಿದ್ದಂತೆ. ನಾನು ಅದನ್ನು ರೇಷ್ಮೆ ಸೀರೆ ಮುಟ್ಟಿದ ಹಾಗೆ ಮುಟ್ಟಿದೆ. ಎರಡನೆಯದು ಕಪ್ಪಗೆ ಇತ್ತು. ತಲೆಯ ಮೇಲೆ ಒಂದು ಸಣ್ಣ ತಿರುಗಣೆ, ಹತ್ತು ಹಂತ. ಬಿಗಿ ಮಾತ್ರ ಬದಲಾಗುತ್ತದೆ, ಎತ್ತರ ಬದಲಾಗುವುದಿಲ್ಲ, ಸ್ಪ್ರಿಂಗು ಕಂಪನಿಯದೇ ಇರಬೇಕು.

"ಬಂಗಾರದ್ದು ಕೊಡಿ ಆಪಾ."

ಅವರು ಕೊಡಲಿಲ್ಲ. ಕನ್ನಡಕ ಏರಿಸಿಕೊಂಡು ಕೇಳಿದರು, "ವರ್ಷಕ್ಕೆ ಎಷ್ಟು ದಿನ ಹೋಗ್ತೀಯ ಟ್ರ್ಯಾಕಿಗೆ?"

"ಮೂರು... ನಾಲ್ಕು."

"ಮಿಕ್ಕಿದ್ ದಿನ?"

"ಹೊರಮಾವು. ಆಫೀಸು."

"ಹಿಂದ್ಗಡೆ ಯಾರ್ ಕೂತ್ಕೋತಾರೆ?"

ಆಗ ಅಪ್ಪನ ಬೆನ್ನಿನ ಕಥೆ ಹೇಳಿದೆ. ಆಪಾ ಬಂಗಾರದ ಸೆಟ್ಟನ್ನು ಎತ್ತಿ ಒಳಗಿಟ್ಟರು.

"ಇದು ನಿನಗಲ್ಲ. ಇದನ್ನ ಹಾಕ್ದ್ರೆ ಗಾಡಿ ಕೆಳಗೆ ಬರುತ್ತೆ, ಒಂದೊಂದು ಹಂಪಿಗೂ ಹೊಟ್ಟೆ ಕೆರ್ಕೊಳ್ಳುತ್ತೆ. ಸ್ಪ್ರಿಂಗೇ ಗಟ್ಟಿ ಇದ್ಮೇಲೆ ತಿರುಗಣೆ ಎಷ್ಟ್ ಬಿಟ್ರೂ ಮೆತ್ತಗಾಗಲ್ಲ. ಸ್ಪ್ರಿಂಗ್ ಇದೆ ನೋಡು, ಅದು ಕುಣಿಯೋದು. ಶಾಕಪ್ ಅದರ ಕೈ ಹಿಡ್ದು ಕೂರ್ಸೋದು. ಹೊರಮಾವಿಗೆ ಅಂತ ಮೆತ್ತಗಿನ ಸ್ಪ್ರಿಂಗ್ ಇಟ್ಕೊ, ಟ್ರ್ಯಾಕಿಗೆ ಹೋದಾಗ ತಿರುಗಣೆ ತಿರುಗಿಸಿ ಕೈ ಗಟ್ಟಿಯಾಗಿ ಹಿಡ್ಕೊ. ಸ್ವಲ್ಪ ವಾಲುತ್ತೆ. ವಾಲ್ಲಿ ಬಿಡು. ನಿನಗೇನ್ ಕಪ್ ಕೊಡ್ತಾರಾ?"

ಕಪ್ಪು ಶಾಕಪ್ಪಿನ ರಾಡನ್ನು ಅಂಗೈಯಿಂದ ಒತ್ತಿ ಬಿಟ್ಟರು. ಅದು ತಾನಾಗಿಯೇ ನಿಧಾನವಾಗಿ ಮೇಲೆದ್ದಿತು. "ಜೀವ ಇದೆ" ಎಂದರು. ಪಕ್ಕದ ಓಣಿಯ ದೊರೈ ಎಂಬ ಮೆಕ್ಯಾನಿಕ್ಕನ್ನು ಕರೆಸಿ ಅಂದೇ ಹಾಕಿಸಿಕೊಟ್ಟರು. ಮುಂದಿನವೆರಡರ ತಿರುಗಣೆ ಬಾನೆಟ್ಟಿನ ಕೆಳಗೆ, ಹಿಂದಿನವೆರಡರದು ಡಿಕ್ಕಿಯ ಮೂಲೆಗಳಲ್ಲಿ.

ಅಪ್ಪನಿಗಲ್ಲವೇ, ಎಂದು ನಾಲ್ಕನ್ನೂ ಅತಿ ಮೆತ್ತಗೆ, ಒಂದನೇ ಹಂತಕ್ಕೆ ಬಿಟ್ಟೆ. ವಾರವಾದರೂ ಸೆಳೆತ ಇಳಿಯದ್ದರಿಂದ ಗುರುವಾರ ಹತ್ತು ಗಂಟೆಗೆ ಕಾಕ್ಸ್ ಟೌನಿನ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನು. ಅಪ್ಪನನ್ನು ರಮೇಶ ಒಂದು ಕಡೆ, ನಾನು ಒಂದು ಕಡೆ ಹಿಡಿದು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದೆವು. ಹೊರಟೆವು. ಮೊದಲ ಹಂಪ್ ಬೆಣ್ಣೆಯ ಹಾಗೆ ದಾಟಿತು. ಆದರೆ ದಾಟಿದ ಮೇಲೆ ಕಾರು ಸುಮ್ಮನಾಗಲಿಲ್ಲ. ತೊಟ್ಟಿಲಿನ ಹಾಗೆ ಮೂರು ಸಲ ಮೇಲೆ ಕೆಳಗೆ ಜೀಕಿತು. ಎರಡನೆಯ ಹಂಪಿಗೆ ನಾಲ್ಕು ಸಲ. ಕನ್ನಡಿಯಲ್ಲಿ ಅಪ್ಪನ ಮುಖ ಬಿಳಚಿಕೊಂಡಿತ್ತು. ಪಕ್ಕದಲ್ಲಿ ರಮೇಶ ನಿಂಬೆಹಣ್ಣನ್ನು ಮೂಗಿನಿಂದ ಕೆಳಗಿಳಿಸಲೇ ಇಲ್ಲ.

"ನಿಂದ್ರಸು" ಎಂದರು ಅಪ್ಪ.

ಮತ್ತೆ ಇಳಿದು ನಡೆಯುತ್ತಾರೆಯೇ? ಈ ಸ್ಥಿತಿಯಲ್ಲಿ? ಬಾಣಸವಾಡಿಯ ಮುಖ್ಯರಸ್ತೆಯ ಬದಿಗೆ ನಿಲ್ಲಿಸಿದೆ. ಅಪ್ಪ ಬಾಗಿಲು ಹಿಡಿದು ನಿಧಾನವಾಗಿ ಇಳಿದರು. ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾರಿನ ಮುಂದೆ ಬಂದು ನಿಂತರು.

"ಬಾನೆಟ್ ತಗಿ."

ತೆಗೆದೆ.

"ಎಲ್ಲಿ ಐತಿ ನೀ ಹೇಳಿದ ತಿರುಗಣಿ? ಹಾಂ. ಮುಂದಿನವು ಮೂರು ತಿರುವು ಬಿಗಿ ಮಾಡು. ಹಿಂದಿನವು ಎರಡು. ಮೆತ್ತಗ ಬಿಟ್ಟರ ಬೆನ್ನಿಗೆ ಚಲೋ ಅಂತ ಯಾರು ಹೇಳಿದ್ರು ನಿನಗ? ಒಂದು ಸಲ ಬಿದ್ರ ನೋವು ಒಂದು ಸಲ. ಹಿಂಗ ಜೀಕಿದ್ರ ನಾಕು ಸಲ."

ತಿರುಗಿಸಿದೆ. ಹೊರಟೆವು. ಮುಂದಿನ ಗುಂಡಿಯಲ್ಲಿ ಅಪ್ಪ ಕಣ್ಣು ಮುಚ್ಚಿ ಕೂತು, ಅಂಗೈಯನ್ನು ಸೀಟಿನ ಮೇಲೆ ಒತ್ತಿ ಹಿಡಿದಿದ್ದರು. ನಾಡಿ ನೋಡುವ ವೈದ್ಯರ ಹಾಗೆ. "ಹಿಂದ ಇನ್ನೊಂದು" ಎಂದರು. ಮತ್ತೆ ಇಳಿದೆ, ಡಿಕ್ಕಿ ತೆಗೆದೆ, ತಿರುಗಿಸಿದೆ. ಕಾಕ್ಸ್ ಟೌನಿನ ಚರ್ಚಿನ ಮುಂದಿನ ಎರಡು ಹಂಪ್ ದಾಟಿದಾಗ ಕಾರು ಒಂದೇ ಸಲ ತಗ್ಗಿ, ಒಂದೇ ಸಲ ಎದ್ದು, ಸುಮ್ಮನಾಯಿತು.

"ಈಗ ಹಾದಿಗೆ ಬಂತು" ಎಂದರು ಅಪ್ಪ. ಹತ್ತು ದಿನದಲ್ಲಿ ಮೊದಲ ಬಾರಿಗೆ ಅವರ ದನಿಯಲ್ಲಿ ಡ್ರೈವರ್ ಇದ್ದ.

ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಡಾಕ್ಟರಮ್ಮ ನೋಡುತ್ತಿದ್ದರೆ, ನಾನು ಅವರ ಹುಬ್ಬುಗಳನ್ನು ನೋಡುತ್ತಿದ್ದೆ. ಹುಬ್ಬು ಏರಿದರೆ ಆಪರೇಷನ್, ಇಳಿದರೆ ಇಲ್ಲ ಎಂದು ಮನಸ್ಸಿನಲ್ಲೇ ಪಣ ಕಟ್ಟಿಕೊಂಡಿದ್ದೆ. ಅವು ಏರಲೂ ಇಲ್ಲ, ಇಳಿಯಲೂ ಇಲ್ಲ.

"ಸವೆತ ಹಳೇದು" ಎಂದರು. "ಒಂದು ಕಡೆ ಸ್ವಲ್ಪ ನರ ಒತ್ತಿದೆ. ಆಪರೇಷನ್ ಏನೂ ಬೇಡ. ಬೆಲ್ಟು, ವ್ಯಾಯಾಮ, ಆರು ವಾರ ದೂರದ ಪ್ರಯಾಣ ಬೇಡ. ಅಷ್ಟೇ."

ನಾನು ಕೇಳಲೇಬೇಕಿತ್ತು. "ಡಾಕ್ಟ್ರೇ, ಇದು ಸ್ಪ್ರಿಂಗಿನಿಂದ ಆಗಿದ್ದಾ?"

"ಯಾವ ಸ್ಪ್ರಿಂಗು? ಹಾಸಿಗೇದಾ?"

"ಕಾರಿಂದು. ಗಟ್ಟಿ ಹಾಕಿಸಿದ್ದೆ."

ಡಾಕ್ಟರಮ್ಮ ಅಪ್ಪನ ಕಡೆ ತಿರುಗಿ, "ಏನ್ ಕೆಲಸ ಮಾಡ್ತಿದ್ರಿ ಯಜಮಾನ್ರೇ?" ಎಂದರು. ಅಪ್ಪ ಹೇಳಿದರು. ಅವರು ನಕ್ಕುಬಿಟ್ಟರು. "ಮೂವತ್ತು ವರ್ಷ ಬಸ್ ಓಡಿಸಿದ್ದಾರೆ. ನಿಮ್ಮ ಸ್ಪ್ರಿಂಗು ಒಂದು ನೆಪ ಅಷ್ಟೇ ಕಣಮ್ಮ. ಅವತ್ತು ಅಲ್ಲದಿದ್ರೆ ಇನ್ನೊಂದು ದಿನ ಬಕೆಟ್ ಎತ್ತುವಾಗ ಆಗ್ತಿತ್ತು."

ಹೊರಗೆ ಬಂದ ಮೇಲೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ರಮೇಶ ಆ ನಿಂಬೆಹಣ್ಣನ್ನು ನನ್ನ ಕೈಗೆ ಕೊಟ್ಟರು. ಅಪ್ಪ ಅಲ್ಲೇ ಎದುರಿನ ಬೇಕರಿಯ ಗಾಜಿನ ಪೆಟ್ಟಿಗೆಯನ್ನು ನೋಡುತ್ತಿದ್ದರು. "ಅದೇನದು, ದುಂಡಗ, ಒಳಗ ಕೊಬ್ಬರಿ ತುಂಬಿದ್ದು?" ಹತ್ತು ದಿನ ಗಂಜಿ ಕುಡಿದಿದ್ದ ಮನುಷ್ಯ ನಿಂತೇ ಎರಡು ದಿಲ್‌ಪಸಂದ್ ತಿಂದರು. ಮೂರನೆಯದನ್ನು ಕಟ್ಟಿಸಿಕೊಂಡರು.

ಆ ಸಲ ನಾನು ಟ್ರ್ಯಾಕಿಗೆ ಹೋಗಲಿಲ್ಲ. ಬೇಜಾರಾಯಿತೇ ಎಂದು ಕೇಳಿದರೆ, ಸತ್ಯವಾಗಿ ಇಲ್ಲ. ಆ ಭಾನುವಾರ ಅಪ್ಪ ಅಂಗಳದಲ್ಲಿ ಬೆಲ್ಟು ಕಟ್ಟಿಕೊಂಡು ನೂರು ಹೆಜ್ಜೆ ನಡೆದರು. ನಾನು ಎಣಿಸಿದೆ.

ಮುಂದಿನ ಟ್ರ್ಯಾಕ್ ಡೇ ಬಂದದ್ದು ನಾಲ್ಕು ತಿಂಗಳ ಮೇಲೆ. ಕೇಳಲು ನನಗೆ ಧೈರ್ಯವಿರಲಿಲ್ಲ. ಅಪ್ಪನೇ ಒಂದು ಸಂಜೆ ಟೀ ಕುಡಿಯುತ್ತ, "ಆ ಡಾಕ್ಟರವ್ವಗ ಫೋನ್ ಹಚ್ಚು. ಚೆನ್ನೈ ತನಕ ಕಾರಿನಾಗ ಹೋಗಬಹುದೇನ್ ಕೇಳು" ಎಂದರು.

"ಯಾರು ಹೋಗೋರಪ್ಪ?"

"ನೀ ಎಲ್ಲಿ ಹೋಗ್ತಿ, ಹೆಂಗ ಹೊಡಿತಿ, ನಾ ನೋಡಬೇಕು. ನೋಡದ ಬ್ಯಾಡ ಅನ್ನಂಗಿಲ್ಲ, ನೋಡದ ಹೂಂ ಅನ್ನಂಗಿಲ್ಲ."

ಹೋದೆವು. ಅಲ್ಲಿ ತಿರುಗಣೆಗಳನ್ನು ಎಂಟಕ್ಕೆ ಬಿಗಿ ಮಾಡಿದೆ. ಕಾರು ಈಗಲೂ ವಾಲಿತು, ಆದರೆ ಬಗ್ಗಿ ನಮಸ್ಕಾರ ಮಾಡುವಷ್ಟಲ್ಲ. ತಲೆಯಾಡಿಸಿ ಗುರುತು ಹೇಳುವಷ್ಟು. ಹನ್ನೊಂದನೆಯವಳಾದೆ. ಪ್ರತಿ ಸುತ್ತಿನಲ್ಲೂ ಬೇಲಿಯ ಹತ್ತಿರ ಒಂದು ಬಿಳಿ ಟೋಪಿ ಕಾಣುತ್ತಿತ್ತು. ಅದು ಅಲುಗಾಡದೆ ನಿಂತಿತ್ತು. ಮುಖ ಕಾಣುತ್ತಿರಲಿಲ್ಲ. ಆಪಾರ ಶಾಕಪ್ಪಿಗಿಂತ ಹೆಚ್ಚು ಬಿಗಿಯಾಗಿದ್ದವು ನನ್ನ ಹೆಗಲುಗಳು.

ಊಟದ ಹೊತ್ತಿಗೆ, ಜೊತೆಗೆ ಬಂದವರನ್ನು ಕೂರಿಸಿಕೊಂಡು ನಿಧಾನವಾಗಿ ಸುತ್ತು ಹಾಕಲು ಬಿಡುತ್ತಿದ್ದರು. ಅಪ್ಪ ತಾವಾಗಿಯೇ ಬಂದು ಮುಂದಿನ ಸೀಟಿನಲ್ಲಿ ಕೂತರು. ಟೋಪಿ ಮಡಚಿ ಜೇಬಿಗಿಟ್ಟು, ಕೊಟ್ಟ ಹೆಲ್ಮೆಟ್ ಹಾಕಿಕೊಂಡರು. ನಾನು ತಿರುಗಣೆಗಳನ್ನು ಅವರು ಗೊತ್ತುಮಾಡಿದ್ದ ಹಂತಕ್ಕೆ ಇಳಿಸಿ, ನಲವತ್ತರಲ್ಲಿ ಹೊರಟೆ.

ಮೊದಲ ತಿರುವಿನಲ್ಲಿ ಅಪ್ಪನ ಕೈ ಡ್ಯಾಶ್‌ಬೋರ್ಡಿನ ಮೇಲಿತ್ತು. ಕಣ್ಣು ತಿರುವಿನ ಆಚೆ ಏನನ್ನೋ ಹುಡುಕುತ್ತಿತ್ತು. ಎರಡನೆಯ ತಿರುವಿನಲ್ಲೂ ಹಾಗೇ. ಹಾರ್ನ್ ಹೊಡಿ ಎಂದು ಕೈಸನ್ನೆ ಮಾಡಿದರು.

"ಬೇಕಾಗಿಲ್ಲಪ್ಪ. ಇಲ್ಲಿ ಎಲ್ಲಾರೂ ಒಂದೇ ಕಡಿ ಹೋಗೋದು."

"ಅಂದ್ರ?"

"ಎದುರಿಗೆ ಯಾರೂ ಬರಂಗಿಲ್ಲ."

"ಲಾರಿ?"

"ಇಲ್ಲ."

"ಎತ್ತಿನ ಗಾಡಿ? ಕುರಿ ಹಿಂಡು? ಸೈಕಲ್ ಮ್ಯಾಲ ಸಾಲಿ ಹುಡುಗ್ರು?"

"ಯಾರೂ ಇಲ್ಲಪ್ಪ."

ಅಪ್ಪ ಸ್ವಲ್ಪ ಹೊತ್ತು ಮುಂದಿನ ಕರಿ ರಸ್ತೆಯನ್ನೇ ನೋಡಿದರು. ಮೂವತ್ತು ವರ್ಷ ಪ್ರತಿ ತಿರುವಿನ ಆಚೆಗೂ ಒಬ್ಬರನ್ನು ನೆನೆದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡಿದ್ದ ಮನುಷ್ಯ. ಡ್ಯಾಶ್‌ಬೋರ್ಡಿನ ಮೇಲಿನ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೆಲ್ಟು ಕಟ್ಟಿದ ಬೆನ್ನನ್ನು ಸೀಟಿಗೆ ಆನಿಸಿದರು. ಉದ್ದವಾಗಿ ಒಂದು ಉಸಿರು ಬಿಟ್ಟರು.

"ಹಂಗಾರ ಇಷ್ಟು ಸಾವಕಾಶ ಯಾಕ ಹೊಂಟಿ?" ಎಂದರು. "ಸ್ವಲ್ಪ ಬಿಡು."